ಟೈಡ್‌ಬೆಲ್‌ನ ಏಕೈಕ ಬಳಕೆದಾರ

ಸೃಷ್ಟಿಯನ್ನು ಒಬ್ಬನಿಗೂ ಸ್ಥಿತಿಯನ್ನು ಇನ್ನೊಬ್ಬನಿಗೂ ಬಿಟ್ಟುಕೊಟ್ಟು, ಯಾರೂ ಕೈಯೊಡ್ಡದೆ ಉಳಿದ ಲಯದ ಕೆಲಸವನ್ನು ತಾನೇ ಎತ್ತಿಕೊಂಡು, ಅದಕ್ಕಾಗಿ ಮಸಣದಲ್ಲಿ ಮನೆ ಮಾಡಿ, ಬೂದಿಯನ್ನೇ ಸಂಭಾವನೆಯೆಂದು ಮೈಗೆ ಬಳಿದುಕೊಂಡ ಆ ಮಹಾದೇವನಿಗೆ ಮೊದಲ ನಮಸ್ಕಾರ. ಹುಟ್ಟಿದ್ದನ್ನು ಹೊಗಳುವವರು ಕೋಟಿ. ಮುಗಿಯಬೇಕಾದ್ದನ್ನು ಮರ್ಯಾದೆಯಿಂದ ಮುಗಿಸುವವನ ಕಷ್ಟ ಅವನೊಬ್ಬನಿಗೇ ಗೊತ್ತು. ಅವನ ಕೃಪೆಯಿಂದ ಈ ಕತೆ ತೊಡಕಿಲ್ಲದೆ ಸಾಗಲಿ. ಇರುವ ತೊಡಕೆಲ್ಲ ಕಥಾನಾಯಕನ ಪಾಲಿಗೇ ಇರಲಿ.

ಎಡ್ವಿನ್ ಪೆಂಗ್ಲೇಸನ ಆ ಶುಕ್ರವಾರವನ್ನು ಕೆಡಿಸಿದ್ದು ಒಂದು ಅಂಕಿ. ದೊಡ್ಡ ಅಂಕಿಯೇನಲ್ಲ. ಒಂದು.

ಹೋಬಾರ್ಟಿನ ಎಲಿಜಬೆತ್ ಬೀದಿಯಲ್ಲಿ, ಬೆರಿಲ್ ಸ್ಟಬಿಂಗ್ಸ್ ಎಂಬಾಕೆಯ, ಪೈ ಎಂಬ ಹೂರಣ ತುಂಬಿ ಸುಟ್ಟ ತಿಂಡಿಯ ಅಂಗಡಿಯ ಮೇಲ್ಮಹಡಿಯಲ್ಲಿ, ಕರವಾಂಗ್ ಸಂಘದ ಕಚೇರಿ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ತಮ್ಮದೇ ರೀತಿಯಲ್ಲಿ ಕಟ್ಟಿ, ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಹಂಚುವುದು ಆ ಸಂಘದವರ ವ್ರತ. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಪ್ರತಿ ಆವೃತ್ತಿಗೂ ತಮ್ಮ ದ್ವೀಪದ ಒಂದು ನದಿಯ ಹೆಸರು. ಆವೃತ್ತಿಯೊಳಗೆ ಸಾವಿರಾರು ಪ್ಯಾಕೇಜುಗಳು, ಒಂದೊಂದಕ್ಕೂ ಒಂದೊಂದು ಸಣ್ಣ ಕೆಲಸ, ಒಬ್ಬೊಬ್ಬ ಪಾಲಕ. ಹೊಸ ಆವೃತ್ತಿ ಹೊರಬಂದ ದಿನ ಕೇಕ್ ಕತ್ತರಿಸುತ್ತಾರೆ. ಹಳೆಯದನ್ನು ಏನು ಮಾಡುವುದೆಂದು ಯಾರೂ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಎಡ್ವಿನನ ಕಡೆ ಬೆರಳು ತೋರಿಸುತ್ತಾರೆ.

ಐವತ್ತನಾಲ್ಕರ ಎಡ್ವಿನ್, ಹ್ಯೂಆನ್ ಎಂಬ ಅತಿ ಹಳೆಯ ಆವೃತ್ತಿಯನ್ನು ಹನ್ನೊಂದು ವರ್ಷಗಳಿಂದ ಒಂಟಿಯಾಗಿ ಕಾಯುತ್ತಿದ್ದ. ಅದರ ಪ್ಯಾಕೇಜುಗಳ ಪಾಲಕರೆಲ್ಲ ಒಬ್ಬೊಬ್ಬರಾಗಿ ಹೊಸ ನದಿಗಳಿಗೆ ದಾಟಿಹೋದ ಮೇಲೆ ಅನಾಥವಾದವುಗಳೆಲ್ಲ ಇವನ ಮಡಿಲಿಗೆ ಬಿದ್ದಿದ್ದವು. ಹಳೆಯ ಆವೃತ್ತಿಯಲ್ಲಿ ಬೀಗ ಮುರಿದಿದ್ದರೆ, ಅಂದರೆ ಕಳ್ಳರು ನುಸುಳುವ ಸಂದು ಕಂಡರೆ, ಸರಿಪಡಿಸಬಹುದು, ಬಣ್ಣ ಬಳಿಯಕೂಡದು ಎಂಬುದು ಸಂಘದ ಕಟ್ಟಳೆ. ಆದ್ದರಿಂದ ಅವನ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹನ್ನೊಂದು ವರ್ಷಗಳಲ್ಲಿ ಅವನ ಮೇಜಿಗೆ ಬಂದ ಕೃತಜ್ಞತಾಪತ್ರ ಒಂದೇ ಒಂದು. ‘ನಿಮ್ಮ ಕೈರುಚಿ ಮರೆಯಲಾರೆವು’ ಎಂದಿತ್ತು. ಅದು ಕೆಳಗಿನ ಪೈ ಅಂಗಡಿಗೆ ಹೋಗಬೇಕಾದದ್ದು.

ಈಗ ಹ್ಯೂಆನಿಗೆ ಅಂತ್ಯಕಾಲ ಬಂದಿತ್ತು. ಸಾವಿರದ ಒಂಬೈನೂರು ಪ್ಯಾಕೇಜುಗಳನ್ನು ಎಡ್ವಿನ್ ಒಂದೊಂದಾಗಿ ನಿವೃತ್ತಿಗೊಳಿಸಿದ್ದ. ಉಳಿದದ್ದು ಒಂದೇ: ಟೈಡ್‌ಬೆಲ್. ಡರ್ವೆಂಟ್ ನದಿಯ ಮುಖದಲ್ಲಿ ಕಡಲು ಉಬ್ಬುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರಿನಲ್ಲಿ ಗಂಟೆ ಬಾರಿಸುವುದು ಅದರ ಕೆಲಸ. ಹೋಬಾರ್ಟಿನ ಕಡಲಲ್ಲದೆ ಬೇರೆ ಕಡಲು ಅದಕ್ಕೆ ತಿಳಿಯದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆಂಬುದೂ ತಿಳಿಯದು. ಆದ್ದರಿಂದ ವರ್ಷದ ಅರ್ಧ ಭಾಗ ಅದು ಒಂದು ಗಂಟೆ ಮುಂಚಿತವಾಗಿ ಬಾರಿಸುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಈ ತಪ್ಪನ್ನು ಒಬ್ಬರೂ ದೂರಿರಲಿಲ್ಲ. ಈ ಮೌನದ ಅರ್ಥವೇನೆಂದು ಎಡ್ವಿನ್ ಆಗಲೇ ಯೋಚಿಸಬೇಕಿತ್ತು.

ನಿವೃತ್ತಿಯ ನೋಟೀಸು ಹದಿನಾಲ್ಕು ದಿನ ತೂಗಿತು. ನಲವತ್ತೊಂದು ಆಕ್ಷೇಪಗಳು ಬಂದವು. ‘ಪರಂಪರೆಗೆ ಕೊಡಲಿಪೆಟ್ಟು’ ಎಂದರು. ‘ನಮ್ಮಪ್ಪ ಇದರ ಗಂಟೆ ಕೇಳಿಯೇ ಪ್ರಾಣ ಬಿಟ್ಟರು’ ಎಂದರು. ಎಡ್ವಿನ್ ಎಲ್ಲರಿಗೂ ಒಂದೇ ಉತ್ತರ ಕಳಿಸಿದ: ‘ನೀವು ಇದನ್ನು ಬಳಸುತ್ತೀರಾ? ಹೌದಾದರೆ ಹೆಸರು ಬರೆದುಕೊಡಿ. ಸಂಘದ ಏಳನೆಯ ನಿಯಮದಂತೆ, ಅನಾಥ ಪ್ಯಾಕೇಜನ್ನು ತಾನು ಬಳಸುತ್ತಿರುವೆನೆಂದು ಬರೆದುಕೊಟ್ಟವರೇ ಅದರ ಮುಂದಿನ ಪಾಲಕರು.’ ಗುಂಡಿನ ಸದ್ದು ಕೇಳಿದ ಕಾಕಾಟೂ ಗಿಳಿಗಳ ಹಿಂಡಿನಂತೆ ನಲವತ್ತೊಂದು ಜನವೂ ಹಾರಿಹೋದರು. ಏಳನೆಯ ನಿಯಮವೆಂದರೆ ಎಡ್ವಿನನಿಗೆ ಬ್ರಹ್ಮಾಸ್ತ್ರ. ಹೂಡಿದವನ ಕಡೆಗೇ ಅಸ್ತ್ರ ತಿರುಗಬಹುದೆಂದು ಪುರಾಣಗಳು ಎಚ್ಚರಿಸಿವೆ. ಆದರೆ ಅವನು ಪುರಾಣ ಓದಿದವನಲ್ಲ.

ಆದರೂ ಎಣಿಕೆಪಟ್ಟಿಯಲ್ಲಿ ಆ ಅಂಕಿ ಉಳಿದುಬಿಟ್ಟಿತು. ಎಣಿಸಿಕೊಳ್ಳಲು ಒಪ್ಪಿದ ಯಂತ್ರಗಳು ತಮ್ಮಲ್ಲಿ ಯಾವ ಪ್ಯಾಕೇಜು ಇದೆಯೆಂದು ಹೆಸರು ಹೇಳದೆ ವರದಿ ಮಾಡುತ್ತವೆ. ಟೈಡ್‌ಬೆಲ್‌ನ ಮುಂದೆ ಒಂದು ಎಂದಿತ್ತು. ಯಾವುದೋ ಓಬೀರಾಯನ ಕಾಲದ ಯಂತ್ರ, ದಿನವೂ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ತಪ್ಪದೆ.

ಸಂಚಾಲಕಿ ಫಿಲಿಪ್ಪಾ ಗ್ಯಾರಡ್ ಕಾಫಿ ಲೋಟ ಹಿಡಿದು ಅವನ ಮೇಜಿನ ಬಳಿ ನಿಂತಳು.

“ಎಡ್ವಿನ್, ಎಣಿಕೆಯಲ್ಲಿ ಒಬ್ರು ಇದ್ರೂ ಅವರ ಒಪ್ಪಿಗೆ ಬರಹದಲ್ಲಿ ಬೇಕು. ನಿಯಮ ನಂದಲ್ಲ.”

“ಹೆಸರೇ ಇಲ್ದೋರ ಹತ್ರ ಸಹಿ ಹೇಗ್ ಹಾಕಿಸ್ಲಿ?”

“ಅದು ನಂಗೊತ್ತಿಲ್ಲ. ಸಂಜೆ ಐದರೊಳಗೆ ಕಾಗದ ಬಂದ್ರೆ ಹ್ಯೂಆನ್ ಮುಚ್ತೀವಿ, ಸೋಮವಾರದಿಂದ ನೀನು ಹೊಸ ಆವೃತ್ತಿ ಟೇಮರ್‌ಗೆ. ಕಿಟಕಿ ಪಕ್ಕದ ಮೇಜು. ಬರ್ಲಿಲ್ಲ ಅಂದ್ರೆ ಇನ್ನೂ ಎರಡು ವರ್ಷ ಇಲ್ಲೇ.”

ಎಡ್ವಿನ್ ಕಿಟಕಿಯ ಕಡೆ ನೋಡಿದ. ಅಲ್ಲಿ ಖಾಲಿ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಆಚೆ ಬೆಟ್ಟದ ನೆತ್ತಿ ಕಾಣುತ್ತಿತ್ತು. ಅವನ ಮೇಜಿನಿಂದ ಕಾಣುತ್ತಿದ್ದದ್ದು ಶೌಚಾಲಯದ ಬಾಗಿಲು. ಹನ್ನೊಂದು ವರ್ಷಗಳಲ್ಲಿ ಸಹೋದ್ಯೋಗಿಗಳ ಜೀರ್ಣಶಕ್ತಿಯ ವಿಚಾರದಲ್ಲಿ ಅವನಿಗೆ ಆಳವಾದ ಜ್ಞಾನ ಲಭಿಸಿತ್ತು.

ಟೇಮರ್ ತಂಡದ ಕ್ಯಾಲಮ್ ರುತ್ವೆನ್, ಕೇಳದಿದ್ದರೂ ಸಲಹೆ ಕೊಡುವ ಮಹನೀಯ, ಕುರ್ಚಿ ತಿರುಗಿಸಿದ. “ಆ ಕಾಲದ ಯಂತ್ರ, ಅದೂ ಕಡಲಿನ ಗಂಟೆ ಅಂದ್ಮೇಲೆ ಇನ್ಯಾರು ಮಾರಾಯ? ಬ್ಯಾಟರಿ ಪಾಯಿಂಟಲ್ಲಿ ದೋಣಿ ರಿಪೇರಿ ಮಾಡ್ತಾನಲ್ಲ ಆಥೊಲ್ ಗೀವ್ಸ್, ಅವನೇ. ಅವನ ಶೆಡ್ಡಲ್ಲಿ ನಾನೇ ಕಣ್ಣಾರೆ ನೋಡಿದೀನಿ. ಹೋಗು ಹೋಗು, ಕೂತ್ಕೊಂಡು ಸಹಿ ಸಿಗುತ್ತಾ?”

ಎಡ್ವಿನ್ ಒಪ್ಪಿಗೆಯ ನಮೂನೆಯನ್ನು ಮಡಿಸಿ ಜೇಬಿಗಿಟ್ಟು ಮೆಟ್ಟಿಲಿಳಿದ. ಕೆಳಗೆ ಬೆರಿಲ್ ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಪೈಗಳ ತಟ್ಟೆಯನ್ನು ಗಾಜಿನೊಳಗೆ ಜೋಡಿಸುತ್ತಿದ್ದಳು.

“ಏನಪ್ಪಾ ಎಡ್ವಿನ್, ಬೆಳಬೆಳಿಗ್ಗೆನೇ ಮುಖ ಹಳಸಿದ ಹಿಟ್ಟಿನ ಹಾಗಿದೆ?”

ಮನುಷ್ಯ ಕಷ್ಟದಲ್ಲಿ ಬಾಯಿ ಬಿಡುತ್ತಾನೆ. ಅದು ಇನ್ನಷ್ಟು ಕಷ್ಟವನ್ನು ಮೈಮೇಲೆ ಎಳೆದುಕೊಳ್ಳುವ ಉಪಾಯ. ಎಡ್ವಿನ್ ಎಲ್ಲವನ್ನೂ ಹೇಳಿಬಿಟ್ಟ.

“ನಿಲ್ಲಿಸ್ತೀರಾ?” ಬೆರಿಲ್ ತಟ್ಟೆಯನ್ನು ಧಡ್ಡನೆ ಇಟ್ಟಳು. “ಯಾರನ್ನ ಕೇಳಿ?”

“ನೀವು ಬಳಸ್ತೀರಾ ಬೆರಿಲ್?”

“ಬಳಸೋದಿರ್ಲಿ, ಅದೇನು ಅಂತಾನೇ ನಂಗೊತ್ತಿಲ್ಲ. ಆದ್ರೆ ಹೀಗೇ ಅಲ್ವೇನಯ್ಯಾ ಬೀದೀಲಿದ್ದ ಬ್ಯಾಂಕ್ ಮುಚ್ಚಿದ್ದು? ಹೀಗೇ ಅಲ್ವಾ ಪೋಸ್ಟಾಫೀಸ್ ಮುಚ್ಚಿದ್ದು? ಒಂದು ಚೀಟಿ ಅಂಟಿಸಿದ್ರು, ಹದಿನಾಲ್ಕು ದಿನ ಕಾದ್ರು, ಬೀಗ ಜಡಿದ್ರು. ಆಗ ಸುಮ್ನಿದ್ವಿ. ಈ ಸಲ ಬಿಡಲ್ಲ.”

ಅವನು ಬಾಗಿಲು ದಾಟುವಷ್ಟರಲ್ಲಿ ಆಕೆ ಒಂದು ನೋಟ್‌ಬುಕ್ ಹುಡುಕಿ, ಅದರ ನೆತ್ತಿಯ ಮೇಲೆ ‘ಗಂಟೆ ಉಳಿಸಿ’ ಎಂದು ಬರೆದು, ಟೊಮ್ಯಾಟೊ ಸಾಸಿನ ಸೀಸೆಯ ಪಕ್ಕದಲ್ಲಿ ಇಟ್ಟಾಗಿತ್ತು.

ಕಡಲಂಚಿನ ಬ್ಯಾಟರಿ ಪಾಯಿಂಟ್ ಬಡಾವಣೆ ತಲುಪಿದಾಗ ಹತ್ತೂಮುಕ್ಕಾಲು. ಟೈಡ್‌ಬೆಲ್‌ನ ಆ ದಿನದ ಲೆಕ್ಕ ಅವನಿಗೆ ಬಾಯಿಪಾಠ: ಹತ್ತು ಗಂಟೆಗೆ ಪೂರ್ಣ ಉಬ್ಬರ. ಅಂದರೆ ನೀರು ಇಷ್ಟುಹೊತ್ತಿಗೆ ಹಿಂದೆ ಸರಿದಿರಬೇಕು. ಹೀಗೆಂದುಕೊಂಡು ಅವನು ಬಳಸುದಾರಿ ಬಿಟ್ಟು, ದೋಣಿಗಳನ್ನು ಇಳಿಸುವ ಕಲ್ಲಿನ ಇಳಿಜಾರಿನಲ್ಲೇ ಅಡ್ಡಹಾಯ್ದ. ಅದು ಮಾರ್ಚ್ ತಿಂಗಳೆಂಬುದು, ಗಡಿಯಾರಗಳು ಇನ್ನೂ ಮುಂದಿವೆಯೆಂಬುದು ಅವನಿಗೆ ಹೊಳೆಯುವ ಮೊದಲೇ ಕಡಲಿಗೆ ಹೊಳೆಯಿತು. ಪಾಚಿಯ ಮೇಲೆ ಕಾಲು ಜಾರಿ, ಬಲಗಾಲು ಮೊಣಕಾಲಿನವರೆಗೆ ನೀರಿಗೆ ಇಳಿಯಿತು.

ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಥೊಲ್ ಗೀವ್ಸ್ ಎಂಬ ಎಪ್ಪತ್ತರ ಮುದುಕ ಕೈಕೊಡಲಿಲ್ಲ. ಪೈಪನ್ನು ಬಾಯಿಂದ ತೆಗೆದನಷ್ಟೆ.

“ಈ ಹೊತ್ನಲ್ಲಿ ಇಲ್ಲಿ ಇಳೀಬಾರ್ದು ಅಂತ ಈ ಊರಲ್ಲಿ ನಾಯಿಗೂ ಗೊತ್ತು. ನಿಂಗೆ ಯಾರು ಹೇಳಿದ್ದು ನೀರು ಇಳಿದಿದೆ ಅಂತ?”

“ಟೈಡ್‌ಬೆಲ್,” ಎಂದ ಎಡ್ವಿನ್, ನಡುಗುತ್ತ.

“ಯಾರದು?”

ಎಡ್ವಿನ್ ವಿವರಿಸಿದ. ಹಳೆಯ ಕಂಪ್ಯೂಟರು ಶೆಡ್ಡಿನಲ್ಲಿ ಇದ್ದದ್ದು ನಿಜ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅದನ್ನು ಒತ್ತುಗಲ್ಲಾಗಿ ಇಟ್ಟಿದ್ದರು. ಅದಕ್ಕೆ ವಿದ್ಯುತ್ತಿನ ತಂತಿಯೇ ಇರಲಿಲ್ಲ. ಒಳಗೆ ಇಲಿ ಸಂಸಾರ ಹೂಡಿತ್ತು.

“ಹಾಗಾದ್ರೆ ಉಬ್ಬರ ಯಾವಾಗ ಅಂತ ನಿಮ್ಗೆ ಹೇಗೆ ಗೊತ್ತಾಗುತ್ತೆ?”

ಆಥೊಲ್ ಅವನನ್ನು ಕನಿಕರದಿಂದ ನೋಡಿದ. “ಕಡಲು ಅಲ್ಲೇ ಇದೆಯಲ್ಲಯ್ಯ. ಕತ್ತೆತ್ತಿದ್ರೆ ಕಾಣುತ್ತೆ.” ಆಮೇಲೆ ಯೋಚಿಸಿ ಹುಬ್ಬು ಗಂಟಿಕ್ಕಿದ. “ಇರು, ಇರು. ಕಡಲಿನ ಗಂಟೆ ನಿಲ್ಲಿಸ್ತೀರಾ? ದೋಣಿಯವರನ್ನ ಒಂದು ಮಾತು ಕೇಳ್ದೆ?”

“ನೀವು ಬಳಸೋದೇ ಇಲ್ವಲ್ಲ!”

“ನಾನು ಚರ್ಚಿಗೂ ಹೋಗಲ್ಲ. ಹಾಗಂತ ಕೆಡವಿ ಅಂತೀನಾ?” ಆಥೊಲ್ ಫೋನ್ ಕೈಗೆತ್ತಿಕೊಂಡ. “ರೇಡಿಯೋದಲ್ಲಿ ನನ್ನ ಸೋದರಳಿಯ ಇದಾನೆ. ನೋಡ್ತಿರು. ಅಂದಹಾಗೆ, ಆ ಗಂಟೆ ನಂಬಿ ನೀರಿಗೆ ಬಿದ್ದೋನು ಭೂಮಿ ಮೇಲೆ ನೀನೊಬ್ನೇ ಕಣಯ್ಯ.”

ಈ ಮಾತಿನಲ್ಲಿ ಇಡೀ ದಿನದ ಉತ್ತರ ಅಡಗಿತ್ತು. ಆದರೆ ಒದ್ದೆ ಬೂಟಿನವನಿಗೆ ತತ್ತ್ವ ಹತ್ತುವುದಿಲ್ಲ.

ಮಧ್ಯಾಹ್ನ ಮೂರರವರೆಗೆ ಆಸುಪಾಸಿನ ದೋಣಿಕಟ್ಟೆಗಳಲ್ಲೆಲ್ಲ ವಿಚಾರಿಸಿ, ಬರಿಗೈಯಲ್ಲಿ ಹತ್ತಿದ ಹಿಂದಿರುಗುವ ಬಸ್ಸಿನಲ್ಲಿ ಚಾಲಕನ ರೇಡಿಯೋ ಮಾತಾಡುತ್ತಿತ್ತು: ‘...ನಮ್ಮ ನದಿಯ ಗಂಟೆಗೆ ಕುತ್ತು.’ ಕೇಳಿದ ಪ್ರಯಾಣಿಕರೆಲ್ಲ ನಿಟ್ಟುಸಿರಿಟ್ಟರು. ಅಷ್ಟರಲ್ಲಿ ಎಡ್ವಿನನ ಫೋನೇ ಹೊಡೆದುಕೊಂಡಿತು.

“ಮಿಸ್ಟರ್ ಪೆಂಗ್ಲೇಸ್, ನೀವು ಈಗ ನೇರಪ್ರಸಾರದಲ್ಲಿದ್ದೀರಿ. ಒಂದೇ ಪ್ರಶ್ನೆ. ಕಡಲಿನ ಮೇಲೆ ನಿಮಗೆ ಯಾಕೆ ಇಷ್ಟು ದ್ವೇಷ?”

“ದ್ವೇಷ ಅಲ್ಲ ರೀ, ಅದನ್ನ ಯಾರೂ ಬಳಸಲ್ಲ—”

“ಕೇಳುಗರೇ, ಯಾರೂ ಬಳಸೋದಿಲ್ವಂತೆ, ಕಡಲನ್ನ!”

ಬಸ್ಸಿನ ಅಷ್ಟೂ ಮುಖಗಳು ರೇಡಿಯೋದಿಂದ ಎಡ್ವಿನನ ಕಡೆಗೆ ತಿರುಗಿದವು. ಅವನು ಎರಡು ನಿಲ್ದಾಣ ಮೊದಲೇ ಇಳಿದು, ಒಂದು ಬೂಟಿನಲ್ಲಿ ಟಕ್, ಇನ್ನೊಂದರಲ್ಲಿ ಪಚಕ್ ಎಂದು ನಡೆದ.

ಪೈ ಅಂಗಡಿಯ ಮುಂದೆ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಬೆರಿಲ್‌ಳ ನೋಟ್‌ಬುಕ್ಕಿನಲ್ಲಿ ಇನ್ನೂರ ಹನ್ನೊಂದು ಸಹಿಗಳು. ಎಡ್ವಿನನ ಕಣ್ಣೆದುರಿಗೇ ಕ್ಯಾಲಮ್ ಇನ್ನೂರ ಹನ್ನೆರಡನೆಯದನ್ನು ಹಾಕಿ ಪೆನ್ನು ಮುಚ್ಚಿದ.

“ಕ್ಯಾಲಮ್, ನೀನೂನಾ? ಸಹಿ ತಗೊಂಡ್ ಬಾ ಅಂತ ನನ್ನ ಓಡಿಸಿದ್ದೇ ನೀನು!”

“ಅದು ಸ್ನೇಹ. ಇದು ತತ್ತ್ವ,” ಎಂದ ಕ್ಯಾಲಮ್, ಮೀಸೆಯ ಮೇಲಿನ ಪೈ ಚೂರು ಒರೆಸಿಕೊಳ್ಳುತ್ತ.

“ಹಾಗಾದ್ರೆ ಪಾಲಕನಾಗ್ತೀಯಾ?”

“ನಾನು ಬಳಸಲ್ವಲ್ಲ ಮಾರಾಯ.”

ಮೆಟ್ಟಿಲ ಮೇಲೆ ಫಿಲಿಪ್ಪಾ ಎದುರಾದಳು. ಸಂಘದ ಸಮಿತಿಯವರ ಫೋನುಗಳೆಲ್ಲ ಬೆಳಗಿನಿಂದ ಕೆಂಡವಾಗಿದ್ದವು. “ಸಭೆ ನಾಲ್ಕಕ್ಕೇ ಕರ್ದಿದೀವಿ. ನೀನು ಸಮಿತೀಲಿಲ್ಲ, ಬರೋದು ಬೇಡ. ನಿನ್ನ ಗಡುವು ಐದೇ. ಸಹಿ ಸಿಕ್ತಾ?” ಎಂದವಳು ಅವನ ಕಾಲ ಕೆಳಗಿನ ಕೊಚ್ಚೆಯನ್ನು ನೋಡಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಗಂಟೆ ನಾಲ್ಕೂಕಾಲು. ಎಡ್ವಿನ್ ತನ್ನ ಮೇಜಿನ ಮುಂದೆ ಕುಳಿತು ಶೌಚಾಲಯದ ಬಾಗಿಲನ್ನು ನೋಡಿದ. ಇನ್ನೆರಡು ವರ್ಷ ಅದೇ ಬಾಗಿಲು. ಮಾಡಲು ಬೇರೇನೂ ತೋಚದೆ, ಕಾಲಾದರೂ ಒಣಗಲೆಂದು ಕಾಲುಚೀಲ ಕಳಚಿ, ಬೆನ್ನ ಹಿಂದಿನ ಉಗ್ರಾಣಕ್ಕೆ ಹೋದ. ಅಲ್ಲಿ ಹಳೆಯ ಕಂಪ್ಯೂಟರ್ ಪರದೆಗಳ ರಾಶಿಯ ಹಿಂದೆ ಯಾವುದೋ ಪೆಟ್ಟಿಗೆ ವರ್ಷಗಟ್ಟಲೆಯಿಂದ ಬೆಚ್ಚಗೆ ಗುಂಯ್‌ಗುಡುತ್ತಿತ್ತು; ಚಳಿಗಾಲದಲ್ಲಿ ಎಲ್ಲರೂ ಅದರ ಮೇಲೆ ಕೈಗವಸು ಒಣಗಿಸುತ್ತಿದ್ದರು. ಅವನು ಕಾಲುಚೀಲವನ್ನು ಹರಡಿದ. ಹರಡುವಾಗ ಧೂಳು ಸರಿದು ಒಂದು ಚೀಟಿ ಕಾಣಿಸಿತು.

‘ಹ್ಯೂಆನ್. ದಿನವೂ 6:10ಕ್ಕೆ ಪ್ಯಾಕೇಜು ಹಾಕಿ ನೋಡುವುದು. ಆರಿಸಬೇಡಿ. — ಎಡ್ವಿನ್.’

ಅಕ್ಷರ ಅವನದೇ. ಶಾಯಿ ಮಾಸಿತ್ತು.

ಎಲ್ಲವೂ ಒಮ್ಮೆಗೇ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರದ ಉತ್ಸಾಹ. ತನ್ನ ಪ್ಯಾಕೇಜುಗಳು ಜನರ ಯಂತ್ರದಲ್ಲಿ ಸರಿಯಾಗಿ ಕೂರುತ್ತವೆಯೇ ಎಂದು ದಿನವೂ ಪರೀಕ್ಷಿಸಲು ತಾನೇ ಹೂಡಿದ ಯಂತ್ರ. ಶ್ರದ್ಧೆಯಿಂದ ತಾನೇ ಹಾಕಿದ, ‘ಎಣಿಕೆಗೆ ಒಪ್ಪಿಗೆ’ ಎಂಬ ಗುರುತು. ಇತರ ಪ್ಯಾಕೇಜುಗಳು ನಿವೃತ್ತವಾದಂತೆ ಅದು ಅವುಗಳನ್ನು ತಾನೇ ಕೈಬಿಡುತ್ತ ಬಂದಿತ್ತು. ಕೊನೆಯದಾಗಿ ಟೈಡ್‌ಬೆಲ್ಲನ್ನು ತಬ್ಬಿಕೊಂಡು ಕುಳಿತಿತ್ತು.

ಎಡ್ವಿನ್ ಅಲ್ಲಿಯೇ ಮುರಿದ ಕುರ್ಚಿಯ ಮೇಲೆ ಕುಳಿತ. ಎಷ್ಟು ಭಾನುವಾರಗಳು! ಯಾವುದೋ ಹೊಸ ಅಪಾಯದ ಸುದ್ದಿ ಬಂತೆಂದು ಊಟದ ಮೇಜಿನಿಂದ ಎದ್ದು ಬಂದು, ಯಾರ ಮನೆಯ ಬೀಗವೋ ಮುರಿದೀತೆಂದು ಬೆವರಿ, ಟೈಡ್‌ಬೆಲ್ಲನ್ನು ಮರಳಿ ಕಟ್ಟಿ ಕಳಿಸಿದ ಎಷ್ಟು ಭಾನುವಾರಗಳು! ಹನ್ನೊಂದು ವರ್ಷ ಅವನು ಅಡುಗೆ ಮಾಡಿ ಬಡಿಸಿದ್ದು ಉಣ್ಣುವವರಿಗಲ್ಲ. ರುಚಿ ನೋಡುವ ಸೌಟಿಗೆ.

ಅವನು ನಗಲು ಪ್ರಯತ್ನಿಸಿದ. ಕೆಮ್ಮು ಬಂತು.

ಈಗ ಅವನ ಮುಂದೆ ಸುಲಭದ ದಾರಿಯೊಂದಿತ್ತು. ಆ ಒಪ್ಪಿಗೆಯ ಗುರುತನ್ನು ಸದ್ದಿಲ್ಲದೆ ಅಳಿಸಿದರೆ ಸಾಕು. ಎಣಿಕೆ ಸೊನ್ನೆಯಾಗುತ್ತದೆ, ಸಹಿಯ ಮಾತೇ ಏಳುವುದಿಲ್ಲ. ಕೈ ಗುಂಡಿಯವರೆಗೆ ಹೋಯಿತು ಕೂಡ. ಆದರೆ ಎಡ್ವಿನ್ ಪೆಂಗ್ಲೇಸ್ ನಿಯಮದ ಮನುಷ್ಯ. ಇನ್ನೂ ನಿಜ ಹೇಳಬೇಕೆಂದರೆ, ಹನ್ನೊಂದು ವರ್ಷಗಳಲ್ಲಿ ಸಂಘದ ಯಾವ ದಾಖಲೆಯಲ್ಲೂ ಅವನ ಹೆಸರು ಮೂಡಿರಲಿಲ್ಲ. ಹ್ಯೂಆನಿನ ಕೊನೆಯ ಪುಟದಲ್ಲಾದರೂ ಅದೊಂದು ಇರಲೆಂಬ ಸಣ್ಣ ಆಸೆ ಎದೆಯ ಮೂಲೆಯಲ್ಲಿ ಗೆಜ್ಜೆ ಕಟ್ಟಿಕೊಂಡು ಕುಣಿಯಿತು. ಅವನು ನಮೂನೆಯನ್ನು ಬಿಚ್ಚಿ, ಮೊಣಕಾಲ ಮೇಲಿಟ್ಟುಕೊಂಡು ದಪ್ಪಕ್ಷರದಲ್ಲಿ ತುಂಬಿದ: ‘ಟೈಡ್‌ಬೆಲ್ಲನ್ನು ಬಳಸುತ್ತಿರುವವನು ನಾನು, ಎಡ್ವಿನ್ ಪೆಂಗ್ಲೇಸ್. ಇದರ ನಿವೃತ್ತಿಗೆ ನನ್ನ ಸಂಪೂರ್ಣ ಒಪ್ಪಿಗೆ ಇದೆ.’ ಸಹಿಯ ಕೆಳಗೆ ಎರಡು ಗೆರೆ ಎಳೆದ.

ಐದಕ್ಕೆ ಹತ್ತು ನಿಮಿಷವಿರುವಾಗ, ಒಂದು ಕಾಲು ಬರಿದಾಗಿಯೇ, ಸಭೆಯ ಬಾಗಿಲು ತಟ್ಟಿ ಕಾಗದವನ್ನು ಒಳಗೆ ನೀಡಿದ. ಫಿಲಿಪ್ಪಾ ಓದಿದಳು. ಅವಳ ಮುಖ ಅರಳಿತು. ಪಕ್ಕದವರಿಗೆ ದಾಟಿಸಿದಳು; ಅವರ ಮುಖವೂ ಅರಳಿತು. ಯಾರೋ ಚಪ್ಪಾಳೆ ತಟ್ಟಿದರು. ಎಡ್ವಿನನ ಜೀವಮಾನದಲ್ಲಿ ಅವನಿಗಾಗಿ ಬಿದ್ದ ಮೊದಲ ಚಪ್ಪಾಳೆ. ಅವನ ಕಣ್ಣು ತುಂಬಿ ಬಂತು.

“ಎಡ್ವಿನ್, ನೀನು ದೇವರ ಹಾಗೆ ಬಂದೆ ಕಣೋ!” ಫಿಲಿಪ್ಪಾ ಅವನ ಕೈ ಕುಲುಕಿದಳು. “ಹ್ಯೂಆನ್ ಇವತ್ತೇ ಮುಚ್ತು. ಸೋಮವಾರದಿಂದ ನೀನು ಟೇಮರ್. ಕಿಟಕಿ ಪಕ್ಕದ ಮೇಜು. ಮಾತು ಅಂದ್ರೆ ಮಾತು.”

“ಥ್ಯಾಂಕ್ಸ್,” ಎಂದ ಎಡ್ವಿನ್. “ಟೈಡ್‌ಬೆಲ್ ಹೋಯ್ತಲ್ಲ, ಅಷ್ಟೇ ಸಾಕು.”

“ಹೋಗೋದಾ? ಎಲ್ಲಿಗೆ ಹೋಗುತ್ತೆ? ಇನ್ನೂರ ಹನ್ನೆರಡು ಸಹಿ, ಮೇಲೆ ರೇಡಿಯೋ! ಜನ ಅದರ ಮೇಲೆ ಪ್ರಾಣಾನೇ ಇಟ್ಕೊಂಡಿದಾರೆ. ಟೇಮರ್‌ಗೆ ಸೇರಿಸ್ಕೊಳ್ಳೋಣ ಅಂತ ಠರಾವು ಮಾಡಿದ್ವಿ, ಹತ್ತು ವರ್ಷದ ಭರವಸೆ ಕೊಟ್ಟು. ತೊಡಕು ಒಂದೇ ಇತ್ತು. ನೋಟ್‌ಬುಕ್ ಪೂರ್ತಿ ತಿರುವಿ ಹಾಕಿದ್ವಿ. ಬಳಸ್ತೀನಿ ಅಂತ ಒಬ್ರೂ ಬರೆದಿಲ್ಲ. ಪಾಲಕರಿಲ್ದೆ ಸೇರಿಸೋ ಹಾಗಿಲ್ಲ. ಐದು ಗಂಟೆಗೆ ಠರಾವು ತಾನಾಗೇ ಬಿದ್ದುಹೋಗ್ತಿತ್ತು. ಎಣಿಕೆ ಸೊನ್ನೆ ಆಗಿದ್ರಂತೂ ಕತೆ ಮುಗ್ದೇ ಹೋಗ್ತಿತ್ತು.”

ಅವಳು ಕಾಗದವನ್ನು ಬೆಳಕಿಗೆ ಹಿಡಿದಳು.

“ಅಷ್ಟರಲ್ಲಿ ನೀನು ಬಂದೆ. ‘ಬಳಸುತ್ತಿರುವವನು ನಾನು.’ ಸಹಿ ಸಮೇತ. ಏಳನೇ ನಿಯಮ ನಿಂಗೆ ಹೇಳ್ಬೇಕಾ? ಈ ಹದಿನಾಲ್ಕು ದಿನದಲ್ಲಿ ನಲವತ್ತೊಂದು ಜನಕ್ಕೆ ನೀನೇ ಬರೆದು ಕಳಿಸಿದೀಯ.”

“ನಾನು ನಿವೃತ್ತಿಗೆ ಒಪ್ಪಿಗೆ ಕೊಟ್ಟಿದ್ದು...”

“ಆ ಸಾಲು ಈಗ ಅನವಶ್ಯಕ,” ಎಂದು ಫಿಲಿಪ್ಪಾ ಮೃದುವಾಗಿ ಅದನ್ನು ಹೊಡೆದುಹಾಕಿದಳು. “ಮೊದಲನೇ ಸಾಲು ಸಾಕು.”

ಸೋಮವಾರ ಎಡ್ವಿನ್ ಕಿಟಕಿಯ ಪಕ್ಕದ ಮೇಜಿಗೆ ಬಂದ. ಬಿಸಿಲು ತನ್ನ ಪರದೆಯ ಮೇಲೆ ಬೀಳುತ್ತದೆಂದು ಕ್ಯಾಲಮ್ ಕಿಟಕಿಯ ತೆರೆಯನ್ನು ಇಳಿಸಿಬಿಟ್ಟಿದ್ದ; ಬೆಟ್ಟ ಕಾಣಲಿಲ್ಲ. ಎಡ್ವಿನ್ ಉಗ್ರಾಣದಿಂದ ಆ ಹಳೆಯ ಪೆಟ್ಟಿಗೆಯನ್ನು ಹೊತ್ತು ತಂದು, ಮೇಜಿನ ಕೆಳಗಿಟ್ಟು, ಹೊಸ ಟೈಡ್‌ಬೆಲ್ಲನ್ನು ಅದರಲ್ಲಿ ಕೂರಿಸಿ, ತಂತಿ ಸಿಕ್ಕಿಸಿದ.

ಮಂಗಳವಾರ ಬೆಳಿಗ್ಗೆ ಟೇಮರಿನ ಎಣಿಕೆಪಟ್ಟಿ ಬಂತು. ಟೈಡ್‌ಬೆಲ್‌ನ ಮುಂದೆ ಒಂದು ಎಂದಿತ್ತು.

ಇದನ್ನು ಕೇಳಿದ ನಿಮಗೆಲ್ಲರಿಗೂ ಲಯಕರ್ತನಾದ ಮಹಾದೇವನು ಮಂಗಳವನ್ನುಂಟುಮಾಡಲಿ. ನಿಮ್ಮ ಕೈಯ ಕೆಲಸವನ್ನು ನಿಮ್ಮನ್ನು ಬಿಟ್ಟು ಇನ್ನೊಬ್ಬರಾದರೂ ಬಳಸುವಂತಾಗಲಿ. ನಿಮ್ಮ ಕಿಟಕಿಯ ತೆರೆ ಮೇಲಿರಲಿ. ಮುಗಿಯಬೇಕಾದದ್ದು ನಿಮ್ಮ ಪಾಲಿಗೆ ಮುಗಿಯಲಿ. ಸಹಿ ಹಾಕುವ ಮುನ್ನ ಮೊದಲ ಸಾಲನ್ನು ಇನ್ನೊಮ್ಮೆ ಓದುವಷ್ಟು ಬುದ್ಧಿಯನ್ನು ಅವನು ಎಲ್ಲರಿಗೂ ಕರುಣಿಸಲಿ.